ಮೂರು ಕಾಳಿನ ಕಾಯಿ

ನೀರು ಚಿಮುಕಿಸಿದ ಶೇಂಗಾಕಾಯಿಯ ವಾಸನೆ ಬಂದರೆ ಇವತ್ತಿಗೂ ನನಗೆ ನೆರೆಮನೆಯ ಗಂಗಕ್ಕನ ಪಕ್ಕ ಹೋಗಿ ಕೂರಬೇಕೆನಿಸುತ್ತದೆ.

ಹಿರೇಹಡಗಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ಆಕೆ ಮತ್ತು ನನ್ನ ಅಜ್ಜಿ ಒಂದೊಂದು ಗೋಣಿಚೀಲ ಹಾಸಿಕೊಂಡು ಮಧ್ಯಾಹ್ನವೆಲ್ಲ ಬಿತ್ತನೆಯ ಶೇಂಗಾ ಸುಲಿಯುತ್ತಿದ್ದರು. ಮೂರು ಕಾಳಿನ ಕಾಯಿ ಸಿಕ್ಕರೆ ಗಂಗಕ್ಕ ಅದನ್ನು ಒಡೆಯದೆ ನನ್ನ ಅಂಗೈಗಿಟ್ಟು, "ತಗಳವ್ವ ಸಾವ್ಕಾರ್ತಿ" ಎನ್ನುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಓಣಿಯ ನಲ್ಲಿಯ ಮುಂದೆ ಜಗಳವಾಗಿತ್ತು. ಎದುರುಮನೆಯ ನೀಲವ್ವ ಗಂಗಕ್ಕನ ಕೊಡವನ್ನು ಸಾಲಿನಿಂದ ಎತ್ತಿ ಹಿಂದಕ್ಕಿಟ್ಟಿದ್ದಳು. ಅಜ್ಜಿಯೂ ನಾನೂ ಅದನ್ನು ಕಟ್ಟೆಯಿಂದಲೇ ನೋಡಿದ್ದೆವು.

ಮಧ್ಯಾಹ್ನ ಓಣಿಯ ಹಿರಿಯರೊಬ್ಬರು ಬಂದು ಅಜ್ಜಿಯನ್ನು ಕೇಳಿದರು: "ಗಂಗಿನೇ ಜಗಳ ತೆಗೆದ್ಲು, ಆಕಿನ್ನ ನಲ್ಲಿಗೆ ಬಿಡಬ್ಯಾಡ್ರಿ ಅಂತಾಳ ನೀಲವ್ವ. ನೀ ಏನು ಕಂಡಿ, ಹೇಳಕ್ಕ."

ಪಕ್ಕದಲ್ಲೇ ಸುಲಿಯುತ್ತ ಕೂತಿದ್ದ ಗಂಗಕ್ಕ ನಿಶ್ಚಿಂತೆಯಿಂದ ಅಜ್ಜಿಯ ಮುಖ ನೋಡಿದಳು.

"ನನಗ ಇಬ್ರೂ ಬೇಕಾದೋರಪ್ಪ. ನಾ ಯಾರ ಕಡೀನೂ ಅಲ್ಲ," ಎಂದಳು ಅಜ್ಜಿ, ಕಾಯಿ ಒಡೆಯುತ್ತಲೇ.

"ನನ್ನ ಕಡಿ ಆಗಂತ ಯಾರಂದ್ರು ದೊಡ್ಡವ್ವ? ಕಣ್ಣಿಲೆ ಕಂಡಿದ್ದು ಹೇಳು, ಅಷ್ಟ," ಎಂದಳು ಗಂಗಕ್ಕ. ಅಜ್ಜಿ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಕೆ ಮಡಿಲಿನ ಕಾಳನ್ನೆಲ್ಲ ಮೊರಕ್ಕೆ ಸುರಿದು, ಸೀರೆ ಕೊಡವಿ ಎದ್ದುಹೋದಳು.

ನೀಲವ್ವನ ಮಾತೇ ನಡೆಯಿತು; ಮರುದಿನದಿಂದ ಗಂಗಕ್ಕ ಊರಾಚೆಯ ಬಾವಿಯಿಂದ ನೀರು ಹೊರತೊಡಗಿದಳು. ನಮ್ಮ ಕಟ್ಟೆಯ ಮುಂದೆಯೇ ಹೋದರೂ ಇತ್ತ ತಿರುಗಲಿಲ್ಲ. ಅಜ್ಜಿ ಮಾತ್ರ ಎಂದಿನಂತೆ ಎರಡೂ ಚೀಲ ಹಾಸಿದಳು. ಮೂರು ಕಾಳಿನ ಕಾಯಿಯೊಂದು ಸಿಕ್ಕಾಗ ಅದನ್ನು ಒಡೆಯದೆ ಖಾಲಿ ಚೀಲದ ಮೇಲಿಟ್ಟಳು. ಸಂಜೆಯವರೆಗೂ ಅದು ಅಲ್ಲೇ ಇತ್ತು. ನಾನು ಮುಟ್ಟಲಿಲ್ಲ.