ಏರಿಯ ಮಣ್ಣು

"ಈ ಮಣ್ಣು ಏರಿಗೆ ಆಗಲ್ರಿ," ಎಂದ ಚಾಂದ್ ಪಾಷಾ.

ಜಂಬಯ್ಯ ತಲೆ ಎತ್ತಲಿಲ್ಲ. ಅದೇ ಮಣ್ಣನ್ನು ಬೆಳಿಗ್ಗೆ ಪರೀಕ್ಷಿಸಿ, ಆಗುತ್ತದೆ ಎಂದು ಅವನು ಹೇಳಿ ಕಳಿಸಿದ್ದ. ದಾವಣಗೆರೆಯಲ್ಲಿ ಕಾಲುವೆ ಕೆಲಸಕ್ಕೆಂದು ಹಾಕಿದ್ದ ಮಣ್ಣು ಪರೀಕ್ಷೆಯ ಶೆಡ್ಡಿನಲ್ಲಿ ಅವನ ಮಾತು ತೆಗೆದುಹಾಕಿದವರು ಯಾರೂ ಇರಲಿಲ್ಲ. ಚಾಂದ್ ಪಾಷಾ ಹರಿಹರದಿಂದ ಬಂದು ಸೇರಿ ತಿಂಗಳಾಗಿತ್ತಷ್ಟೆ.

ಪರೀಕ್ಷೆ ಕೈಯದು. ಹಸಿ ಮಣ್ಣನ್ನು ಗಾಜಿನ ಮೇಲೆ ಅಂಗೈಯಿಂದ ಎಳೆಯಾಗಿ ಹೊಸೆಯಬೇಕು. ಆ ಎಳೆ ಬೆಂಕಿಕಡ್ಡಿಯಷ್ಟು ತೆಳುವಾಗಿ ಬಿರುಕು ಬಿಟ್ಟಾಗ ನಿಲ್ಲಿಸಿ, ಅದರಲ್ಲಿ ಉಳಿದ ನೀರೆಷ್ಟೆಂದು ತೂಗಬೇಕು. ಅದರಿಂದ ಮಣ್ಣಿನ ಜಿಗುಟಿಗೆ ಒಂದು ಅಂಕಿ ಸಿಗುತ್ತದೆ. ಅಂಕಿ ಇಲಾಖೆ ಹಾಕಿದ ಗೆರೆಯ ಕೆಳಗಿದ್ದರೆ ಮಣ್ಣು ಏರಿಗೆ ಸೈ. ಮೇಲಿದ್ದರೆ ಮಳೆಗೆ ಉಬ್ಬಿ ಬಿಸಿಲಿಗೆ ಸೀಳುವ ಜಾತಿ.

"ಅವನ ಕೈ ಇನ್ನೂ ಕೂತಿಲ್ರಿ," ಎಂದು ಜಂಬಯ್ಯ ಇಂಜಿನಿಯರ್ ಸಣ್ಣಬೀರಪ್ಪನವರ ಹತ್ತಿರ ಹೋಗಿ ಹೇಳಿದ. "ಇದೇ ಮಣ್ಣನ್ನ ಮೂರು ಡಬ್ಬಿಗೆ ತುಂಬಿ ಬ್ಯಾರೆ ಡಬ್ಬಿ ನಡುವೆ ಇಡ್ರಿ. ಯಾವುದು ಅಂತ ನಿಮಗೊಬ್ರಿಗೇ ಗೊತ್ತಿರಲಿ. ಇಬ್ರೂ ಮಾಡ್ತೀವಿ. ಮೂರಕ್ಕೂ ಒಂದೇ ಉತ್ತರ ಬರಬೇಕು. ತಪ್ಪಿದವನು ಶೆಡ್ಡು ಬಿಡಲಿ."

ವಾರದ ಕೊನೆಗೆ ಸಣ್ಣಬೀರಪ್ಪನವರು ಇಬ್ಬರನ್ನೂ ಕರೆದರು.

"ಪಾಷಾ, ನಿನ್ನವು ಎರಡು ಡಬ್ಬಿ ಗೆರೆಗಿಂತ ಮೇಲೆ, ಒಂದು ಕೆಳಗೆ."

ಜಂಬಯ್ಯನ ಮುಖ ಅರಳಿತು.

"ಜಂಬಯ್ಯ, ನಿಮ್ಮವು ಎರಡು ಕೆಳಗೆ, ಒಂದು ಮೇಲೆ."

"ಹಂಗಾದ್ರೆ ಶೆಡ್ಡು ಯಾರು ಬಿಡ್ಬೇಕ್ರಿ?" ಎಂದ ಚಾಂದ್ ಪಾಷಾ, ಮೆಲ್ಲಗೆ.

"ಯಾರೂ ಬ್ಯಾಡ. ಇಬ್ರ ಕೈನೂ ಸರಿ ಐತೆ. ಮಣ್ಣು ಗೆರೆಗೆ ಹತ್ತಿರದ್ದು. ಅಷ್ಟು ಸಣ್ಣ ವ್ಯತ್ಯಾಸ ಕೈಗೆ ಸಿಗಲ್ಲ. ಬ್ಯಾರೆ ಕಡೆ ಮಣ್ಣು ಅಗೆಸೋಣ."

ಜಂಬಯ್ಯ ಹೊರಡಲಿಲ್ಲ. "ಬಾತಿ ಊರ ಕಾಲುವೆ ಏರಿದೂ ಇಂಥದೇ ಮಣ್ಣು ಸಾಹೇಬ್ರೆ. ಆಗುತ್ತೆ ಅಂತ ನಾನೇ ಹೇಳಿದ್ದು. ಒಂದೇ ಸಲ ಮಾಡಿ ನೋಡಿದ್ದೆ."

"ನಿಂತೈತಲ್ಲ?"

"ನಿಂತೈತ್ರಿ."

ಮರುದಿನ ಅವನು ಸೈಕಲ್ ಹತ್ತಿ ಬಾತಿಗೆ ಹೋದ. ಏರಿಯ ಉದ್ದಕ್ಕೂ ನಡೆದ. ಹುಲ್ಲು ಬೆಳೆದಿತ್ತು. ಅಲ್ಲಲ್ಲಿ ಸಣ್ಣ ಬಿರುಕುಗಳಿದ್ದವು. ಎಲ್ಲ ಏರಿಗೂ ಇರುವಂಥವೇ. ಅವನ್ನು ನೋಡಿ ಏನೂ ಹೇಳಲಾಗುತ್ತಿರಲಿಲ್ಲ.

ಏರಿಯ ಬುಡದಲ್ಲಿ ಭೀಮವ್ವ ಹೊಸ ಮನೆಗೆ ಗೂಟ ನೆಟ್ಟು ದಾರ ಕಟ್ಟುತ್ತಿದ್ದಳು. ಏರಿ ಹಾಕುವಾಗ ಮಣ್ಣು ಹೊತ್ತವಳು, ಜಂಬಯ್ಯನ ಗುರುತಿತ್ತು.

"ಬರ್ರಿ, ಒಳ್ಳೆ ಹೊತ್ತಿಗೆ ಬಂದ್ರಿ. ಜಾಗ ಹೆಂಗೈತಿ ಹೇಳ್ರಿ."

"ಇನ್ನೊಂದಿಷ್ಟು ಆಚೆ ಕಟ್ಟು ಭೀಮವ್ವ. ಆ ದಿಬ್ಬದ ಮೇಲೆ."

"ಯಾಕ? ಏರಿ ಗಟ್ಟಿ ಇಲ್ಲೇನ್ರಿ?"

"ಗಟ್ಟಿ ಐತೆ," ಎಂದ ಜಂಬಯ್ಯ. "ಆದ್ರೂ ಆಚೆ ಕಟ್ಟು."

ಭೀಮವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ ಮೊದಲ ಗೂಟ ಕಿತ್ತಳು.