ಎರಡು ಸುತ್ತಿನ ಗಂಟು

"ಪುಟ್ಟಿಗೆ ಹಗ್ಗ ಕಟ್ಟಿದ್ದೀನಿ," ಎಂದ ಬಾಗಿಲು ಕಾಯುವವನು. ನಕ್ಷತ್ರಗಳ ನಡುವೆ ಸಾಗುತ್ತಿದ್ದ ಹಡಗು ವೇಗ ತಗ್ಗಿಸಲು ಇನ್ನು ಅರ್ಧ ಗಂಟೆಯೂ ಉಳಿದಿರಲಿಲ್ಲ.

ಅವನ ಹೆಂಡತಿ ಕಿಟಕಿಯ ಗಾಜು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. ಗಾಜಿನಾಚೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಮಗಳು ಪುಟ್ಟಿ ಇದ್ದಳು. ಮುಖವೊಂದನ್ನು ಬಿಟ್ಟು ಮೈಗೆಲ್ಲ ಬಿಳಿ ಬಟ್ಟೆ ಸುತ್ತಿತ್ತು. ಜ್ವರದಲ್ಲಿ ತೀರಿಹೋಗಿ ಮೂರು ವರ್ಷವಾದರೂ ಏಳು ವರ್ಷದ ಮುಖ ಏಳರಲ್ಲೇ ನಿಂತಿತ್ತು. ಪಕ್ಕದಲ್ಲಿ ಅಜ್ಜಿ, ಬಾಗಿಲು ಕಾಯುವವನ ತಾಯಿ, ಹೋದ ವರ್ಷ ಬಂದು ಸೇರಿಕೊಂಡವಳು. ಅವರ ಆಚೆ, ಹಡಗಿನ ಉದ್ದಕ್ಕೂ, ಆರು ತಲೆಮಾರಿನ ಜನ. ಎಲ್ಲರ ಮುಖವೂ ತಂತಮ್ಮ ಮನೆಯ ಕಿಟಕಿಯ ಕಡೆಗೇ.

ಇದೆಲ್ಲ ಆದದ್ದು ಒಂದು ತಪ್ಪು ಎಣಿಕೆಯಿಂದ. ಸತ್ತವರನ್ನು ಬಾಗಿಲಾಚೆ ಬಿಟ್ಟರೆ ಹಿಂದೆ ಉಳಿದುಬಿಡುತ್ತಾರೆ ಅಂದುಕೊಂಡಿದ್ದರು ಮೊದಲು ಹೊರಟವರು, ಪಾಪ. ಗಾಳಿಯೇ ಇಲ್ಲದ ಕಡೆ ತಡೆಯುವುದಾದರೂ ಯಾವುದು? ಹಡಗಿಗಿದ್ದ ವೇಗವೇ ಹೆಣಕ್ಕೂ ಇತ್ತು. ಮೊದಲ ಹೆಣ ಮರುದಿನವೂ ಅಲ್ಲೇ ಇತ್ತು, ಒಳಗೆ ನೋಡುತ್ತ. ಎರಡು ದಿನ ಯಾರ ಗಂಟಲಲ್ಲೂ ತುತ್ತು ಇಳಿಯಲಿಲ್ಲವಂತೆ. ಆಮೇಲೆ ಅದೂ ರೂಢಿಯಾಯಿತು. ಕೂಸಿಗೆ ಹಲ್ಲು ಬಂದರೆ ಗಾಜಿನ ಹತ್ತಿರ ಎತ್ತಿ ಹಿಡಿದು ಮುತ್ತಜ್ಜನಿಗೆ ತೋರಿಸುವುದು, ಗಂಡ ಹೆಂಡಿರು ಜಗಳವಾಡುವಾಗ ಅತ್ತೆಯ ಕಡೆ ಪರದೆ ಎಳೆಯುವುದು, ಎಲ್ಲ ಶುರುವಾಯಿತು.

ಈಗ, ಸೇರಬೇಕಾದ ಲೋಕ ಹತ್ತಿರವಾಗಿ, ಮೊದಲ ಸಲ ಹಡಗು ನಿಧಾನವಾಗಲಿದೆ. ಹೊರಗಿನವರಿಗೆ ಆ ಸುದ್ದಿ ಹೇಳುವವರು ಯಾರು? ಅವರು ಅದೇ ವೇಗದಲ್ಲಿ ಮುಂದೆ ಹೋಗಿಬಿಡುತ್ತಾರೆ. "ನಮ್ಮ ಮಾವ ಬದುಕಿದ್ದಾಗ ಊಟಕ್ಕೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಈಗ ನೋಡು, ನಮಗಿಂತ ಮೊದಲು ತಲುಪ್ತಾನೆ," ಎಂದು ಪಕ್ಕದ ಮನೆಯವನು ಬೆಳಿಗ್ಗೆ ನಗಲು ಹೋಗಿ ಮೂಗು ಒರೆಸಿಕೊಂಡಿದ್ದ.

"ಹಗ್ಗ ಯಾವಾಗ ಕಟ್ಟಿದಿರಿ?" ಹೆಂಡತಿ ಕೇಳಿದಳು.

"ಆವತ್ತೇ. ಎಷ್ಟು ಜನರನ್ನ ಆ ಬಾಗಿಲಿಂದ ದೂಡಿದ್ದೀನಿ, ಅವಳನ್ನ ದೂಡೋಕೆ ಕೈ ಬರಲಿಲ್ಲ ಕಣೇ. ಬೆನ್ನ ಹಿಂದೆ ಗಂಟು ಹಾಕಿ, ಇನ್ನೊಂದು ತುದಿ ಬಾಗಿಲ ರಾಟೆಗೆ ಸುತ್ತಿದೆ."

"ಯಾವ ಗಂಟು?"

"ಅದೇ. ಮಲಗೋ ಚೀಲದ್ದು. ಎರಡು ಸುತ್ತಿಂದು."

ಅವಳಿಗೆ ಅಳು ಉಕ್ಕಿ ಬಂತು. ತೂಕವೇ ಇಲ್ಲದ ಹಡಗಿನಲ್ಲಿ ಮಕ್ಕಳನ್ನು ಚೀಲಕ್ಕೆ ಹಾಕಿ ಗೋಡೆಗೆ ಕಟ್ಟದೆ ಮಲಗಿಸಿದರೆ ಬೆಳಗಾಗುವುದರೊಳಗೆ ಯಾರ ಮನೆಯಲ್ಲೋ ತೇಲುತ್ತಿರುತ್ತವೆ. ಪುಟ್ಟಿಗೆ ಆ ಗಂಟು ಬಿಚ್ಚಲು ಕೊನೆಗೂ ಬರಲಿಲ್ಲ. ದಿನಾ ಎದ್ದ ಕೂಡಲೇ ಒಂದೇ ಕೂಗು: "ಅಜ್ಜೀ, ಬಿಚ್ಚೇ!" ಅಜ್ಜಿ ಗೊಣಗುತ್ತಲೇ ಬಂದು, ಕಣ್ಣು ಕಾಣದಿದ್ದರೂ ಎರಡು ಬೆರಳಲ್ಲಿ ಬಿಚ್ಚಿ ಹೋಗುತ್ತಿದ್ದಳು.

"ಬಿಟ್ಟುಬಿಡಿ ರೀ," ಎಂದಳು. "ಎಲ್ಲರೂ ಹೊರಟರು. ಅತ್ತೆನೂ ಹೊರಟರು. ಇವಳೊಬ್ಬಳೇ ಆ ಕತ್ತಲಲ್ಲಿ ನೇತಾಡ್ಕೊಂಡು, ನಮ್ಮ ಗೋಡೆಗೆ ತಲೆ ಬಡ್ಕೊಳ್ತಾ ಇರಬೇಕಾ?"

"ಇದ್ದದ್ದು ಒಂದೇ ಮಗು ಕಣೇ."

"ನಿಮಗೆ ಬೇಕು ಅಂತ ಇಟ್ಕೊಳ್ತೀರಿ. ಅವಳಿಗೆ ಬೇಕಾ ಅಂತ ಯೋಚನೆ ಮಾಡಿದ್ರಾ?"

ಅವನು ಬಾಗಿಲ ಬಳಿ ಹೋಗಿ ರಾಟೆಯ ಹಿಡಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದ.

ಗಂಟೆ ಹೊಡೆಯಿತು. ನಿಯಮದಂತೆ ಕಿಟಕಿಗಳ ಕಬ್ಬಿಣದ ಕದಗಳು ಮೇಲಿನಿಂದ ಇಳಿದು ಮುಚ್ಚಿಕೊಂಡವು. ಕೊನೆಗೆ ಕಂಡದ್ದು ಪುಟ್ಟಿಯ ಗಲ್ಲ. ನೆಲ ಒಮ್ಮೆ ನಡುಗಿತು. ಗಾಜು ಒರೆಸುವ ಬಟ್ಟೆ, ಯಾರೂ ಮುಟ್ಟದೆ, ಮೆಲ್ಲಗೆ ಮುಂದಿನ ಗೋಡೆಯ ಕಡೆ ಸರಿಯಿತು. ಆಮೇಲೆ ಸದ್ದು ಶುರುವಾಯಿತು. ಹೊರಗೋಡೆಗೆ ಬಟ್ಟೆ ಸವರುವ ಸದ್ದು, ಹಿಂದಿನಿಂದ ಮುಂದಕ್ಕೆ. ಒಂದಲ್ಲ, ಎರಡಲ್ಲ. ಇಕ್ಕಟ್ಟಾದ ಓಣಿಯಲ್ಲಿ ಜನ ಗೋಡೆ ಸವರಿಕೊಂಡು ಹೋಗುತ್ತಿದ್ದ ಹಾಗೆ. ಅವಳು ಕಿವಿ ಮುಚ್ಚಿಕೊಂಡಳು.

ಅಷ್ಟರಲ್ಲಿ ರಾಟೆ ಕಿರ್ರೆಂದಿತು. ಹಗ್ಗ ಬಿಗಿಯಾಯಿತು. ಅವನು ಕಾಲು ಒತ್ತಿಟ್ಟು, ಹಲ್ಲು ಕಚ್ಚಿ ಹಿಡಿದುಕೊಂಡ. ಅವನಿಗೆ ಅರ್ಥವಾಗದಿದ್ದದ್ದು ಆ ಎಳೆತ. ಅದು ಒಂದೇ ಸಮನೆ ಇರಲಿಲ್ಲ. ಒಂದಿಷ್ಟು ಎಳೆಯುವುದು, ಸಡಿಲ ಬಿಡುವುದು, ಮತ್ತೆ ಒಂದಿಷ್ಟು ಎಳೆಯುವುದು. ಹೀಗೆ ಮೂರು ನಾಲ್ಕು ಸಲ. ಆಮೇಲೆ ಹಿಡಿ ಹಗುರಾಯಿತು.

"ಹೋಯ್ತು," ಎಂದ. "ಹಗ್ಗ ಹರೀತು."

ರಾಟೆ ಸುತ್ತಿದ. ಭಾರವೇ ಇರಲಿಲ್ಲ. ಹೊರಬಾಗಿಲು ಮುಚ್ಚಿ, ಗಾಳಿ ತುಂಬಿಸಿ, ಒಳಬಾಗಿಲು ತೆರೆದು ಹಗ್ಗದ ತುದಿಯನ್ನು ಕೈಗೆತ್ತಿಕೊಂಡ. ಐಸಿನಂತೆ ಕೊರೆಯುತ್ತಿತ್ತು. ಎಲ್ಲೂ ಎಳೆ ಬಿಟ್ಟಿರಲಿಲ್ಲ, ಕತ್ತರಿಸಿದ ಗುರುತೂ ಇಲ್ಲ. ಅವನು ಮೂರು ವರ್ಷದ ಹಿಂದೆ ಹಾಕಿದ ಗಂಟಿನ ಎರಡು ಸುತ್ತು ಹಗ್ಗದ ಮೈಯಲ್ಲಿ ಮಡಿಕೆಯಾಗಿ ಹಾಗೇ ಉಳಿದಿದ್ದವು.

"ಹರಿದಿಲ್ಲ ಕಣೇ, ಬಿಚ್ಚಿದೆ," ಎಂದ, ಅವಳ ಮುಖ ನೋಡದೆ. "ಆದರೆ ಪುಟ್ಟಿಗೆ ಬಿಚ್ಚೋಕೆ ಬರ್ತಿರಲಿಲ್ಲವಲ್ಲ?"

ಅವಳು ಆ ಎರಡು ಮಡಿಕೆಯ ಮೇಲೆ ಬೆರಳಾಡಿಸಿದಳು.

"ಅತ್ತೆಗೆ ಬರ್ತಿತ್ತು," ಎಂದಳು.