ಯಾರೂ ಕೂಗಲಿಲ್ಲ

“ಯಾರಾದ್ರೂ ಕೂಗಿದ್ರಾ?” ಎಂದು ಪರದೆಯೊಳಗಿನಿಂದ ಮ್ಯಾನೇಜರ್ ಕೇಳಿದಾಗ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಸೊಸೆ ಹೆಮ್ಮೆಯಿಂದಲೇ ತಲೆಯಾಡಿಸಿದಳು. “ಇಲ್ಲ ಸರ್. ಒಬ್ಬರೂ ತುಟಿ ಪಿಟಕ್ ಅಂದಿಲ್ಲ.”

“ಹಾಗಾದ್ರೆ ಗೋಡೆ ಕಟ್ಟಿಬಿಡಿ. ಸಂಜೆಯೊಳಗೆ ಮುಗೀಲಿ.”

ಅವಳದು ಯಂತ್ರದ ಒಳಮನೆಯ ಕೆಲಸ. ಕಂಪ್ಯೂಟರಿನ ತೀರಾ ಒಳಗೆ, ಕರ್ನಲ್ ಎನ್ನುವ ಕಡೆ, ಸ್ಪೀಕರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಅವಳ ಸುಪರ್ದಿನಲ್ಲಿತ್ತು. ಅದಕ್ಕೆ ಎರಡು ಬಾಗಿಲು. ಎಲ್ಲರೂ ಓಡಾಡುವ ಮುಂಬಾಗಿಲು ಒಂದು. ಯಾವ ಕಾಲದಲ್ಲೋ ಯಾರೋ ಇಟ್ಟು ಮರೆತ ಹಿತ್ತಿಲ ಬಾಗಿಲು ಇನ್ನೊಂದು. ಹಿತ್ತಿಲ ಬಾಗಿಲಿಗೆ ಬೀಗವಿಲ್ಲ, ಕಾವಲಿಲ್ಲ. ಅಲ್ಲಿಂದ ನುಗ್ಗಿದ ಕಳ್ಳ ಸ್ಪೀಕರನ್ನಷ್ಟೇ ಅಲ್ಲ, ಇಡೀ ಯಂತ್ರವನ್ನೇ ಕೈವಶ ಮಾಡಿಕೊಳ್ಳಬಹುದು. ಮುಚ್ಚಲೇಬೇಕಾದ ಬಾಗಿಲು. ಆದರೆ ಅದನ್ನೇ ನಂಬಿಕೊಂಡವರು ಎಲ್ಲಾದರೂ ಇದ್ದರೆ? ಅದಕ್ಕೆ ಅವರ ಕಸುಬಿನಲ್ಲಿ ಒಂದು ಕ್ರಮವುಂಟು. ಮೊದಲು ಸದ್ದಿಲ್ಲದೆ ಅಗುಳಿ ಹಾಕಿ ಕಾಯುವುದು. ಯಾರಾದರೂ ಕೂಗಿಕೊಂಡರೆ ಅಗುಳಿ ತೆಗೆದು ಅವರಿಗೊಂದು ದಾರಿ ತೋರಿಸುವುದು. ಯಾರೂ ಕೂಗದಿದ್ದರೆ ಬಾಗಿಲನ್ನೇ ಕಿತ್ತು ಗೋಡೆ ಕಟ್ಟುವುದು. ಅಗುಳಿ ಹಾಕುವ ಮೊದಲು ಅವಳು ಕಂಪನಿಯ ತಂತ್ರಾಂಶವನ್ನೆಲ್ಲ ಜಾಲಾಡಿದ್ದಳು. ಆ ಬಾಗಿಲ ಹೆಸರೆತ್ತುವವರೇ ಇರಲಿಲ್ಲ. ಅಗುಳಿ ಬಿದ್ದು ಕೆಲವು ದಿನವಾದರೂ ಎಲ್ಲೆಡೆ ತಣ್ಣಗಿತ್ತು.

ಈಚೆಗೆ ಮನೆಯೂ ಹಾಗೆಯೇ ತಣ್ಣಗಿತ್ತು. ಕಾಲು ಮುರಿದುಕೊಂಡು ಹಾಸಿಗೆ ಹಿಡಿದ ಅತ್ತೆಗೆಂದು, ಆಫೀಸಿಗೆ ಬೇಡವಾದ ಪುಟ್ಟ ಕಂಪ್ಯೂಟರ್ ಡಬ್ಬಿಯೊಂದನ್ನು ತಂದು ಅವಳೇ ಕರೆಗಂಟೆ ಮಾಡಿಕೊಟ್ಟಿದ್ದಳು. ಅತ್ತೆ ತಮ್ಮ ಕೋಣೆಯಲ್ಲಿ ಗುಂಡಿ ಒತ್ತಿದರೆ ಅಡುಗೆಮನೆಯ ಡಬ್ಬಿ ಕಿರುಚಬೇಕು. ಕಿರುಚಿದ್ದೇ ಕಿರುಚಿದ್ದು! ಕಿಟಕಿ ಮುಚ್ಚು, ಕಿಟಕಿ ತೆಗಿ, ಕನ್ನಡಕ ಎಲ್ಲಿ, ಓ ಇಲ್ಲೇ ಇದೆ. ಒಮ್ಮೆ ರೇಗಿ, “ಅತ್ತೆ, ತೀರಾ ಬೇಕಾದಾಗ ಮಾತ್ರ ಒತ್ತಿ” ಎಂದುಬಿಟ್ಟಿದ್ದಳು. ಅದಾಗಿ ಸ್ವಲ್ಪ ದಿನಕ್ಕೆ ಗಂಟೆ ನಿಂತೇಹೋಯಿತು. ಕೆಲಸದ ಮೇಲೆ ಪರವೂರಿಗೆ ಹೋಗಿದ್ದ ಗಂಡನಿಗೆ ಫೋನು ಮಾಡಿ, “ನಿಮ್ಮಮ್ಮ ಎಷ್ಟು ಬದಲಾಗಿದ್ದಾರೆ ಗೊತ್ತಾ? ಪಾಪ, ದೇವರಂಥವರು” ಎಂದು ಬಾಯ್ತುಂಬ ಹೊಗಳಿದ್ದಳು.

ಮಧ್ಯಾಹ್ನ ಊಟದ ತಟ್ಟೆ ಹಿಡಿದು ಒಳಗೆ ಹೋದಳು.

“ಬಂದ್ರಾ ತಾಯಿ? ತಮಗೆ ಪುರುಸೊತ್ತಾಯ್ತಾ?”

ಅತ್ತೆ ಬಹುವಚನಕ್ಕೆ ಏರಿದರೆಂದರೆ ಗಾಳಿ ಎತ್ತ ಬೀಸುತ್ತಿದೆಯೆಂದು ತಿಳಿಯಬೇಕು. ತಟ್ಟೆಗೆ ಚಾಚಿದ ಕೈಯ ಮೊಣಕೈ ನೀಲಿಗಟ್ಟಿತ್ತು.

“ಇದೇನತ್ತೆ ಇದು?”

“ಬಚ್ಚಲಲ್ಲಿ ಜಾರಿದೆ.”

“ಅಯ್ಯೋ, ಒಬ್ಬರೇ ಯಾಕೆ ಹೋದ್ರಿ? ಗಂಟೆ ಒತ್ತೋದಲ್ವಾ?”

“ಒತ್ತಿದೆ. ಮೊನ್ನೆನೂ ಒತ್ತಿದ್ದೆ, ಅದರ ಹಿಂದಿನ ದಿನಾನೂ ಒತ್ತಿದ್ದೆ. ತಾವು ಬರಲಿಲ್ಲ. ಬೇಕಾದಾಗ ಮಾತ್ರ ಅಂದಿದ್ರಲ್ಲ, ನಾನೇ ಬೇಕಾಗಿಲ್ಲ ಅಂದ್ಕೊಂಡು ಗೋಡೆ ಹಿಡ್ಕೊಂಡು ಎದ್ದೆ.”

“ಬಾಯಿಬಿಟ್ಟು ಕೂಗಬಹುದಿತ್ತು ಅತ್ತೆ!”

“ಗಂಟೆಗೇ ಬರದೋರು ಬಾಯಿಗೆ ಬರ್ತೀರಾ?”

ಸೊಸೆ ಗುಂಡಿ ಎತ್ತಿಕೊಂಡು ತಾನೇ ಒತ್ತಿದಳು. ಹಸಿರು ದೀಪ ಮಿನುಗಿತು. ಅಡುಗೆಮನೆಯಿಂದ ಸೊಲ್ಲಿಲ್ಲ. ಆಫೀಸಿನ ಹೊಸ ಬದಲಾವಣೆಗಳನ್ನು ಮೊದಲು ತನ್ನ ಮನೆಯ ಯಂತ್ರದ ಮೇಲೆ ಬಿಟ್ಟು ನೋಡುವುದು ಅವಳ ರೂಢಿ. ಡಬ್ಬಿ ಅವನ್ನೆಲ್ಲ ತಾನಾಗಿಯೇ ಹಾಕಿಕೊಳ್ಳುತ್ತಿತ್ತು; ಈ ಅಗುಳಿಯನ್ನೂ ಹಾಕಿಕೊಂಡಿತ್ತು. ಅವಳು ಅವಸರದಲ್ಲಿ ಬರೆದು ಮರೆತಿದ್ದ ಗಂಟೆಯೋ, ಹತ್ತಿರದ ದಾರಿಯೆಂದು ಹಿತ್ತಿಲ ಬಾಗಿಲಿನಿಂದಲೇ ಓಡಾಡುತ್ತಿತ್ತು! ಓಡಿಬಂದು ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿದಳು. ಪರದೆಯ ತುಂಬ ಅವಳೇ ಬರೆದಿಟ್ಟಿದ್ದ ಸಾಲು, ಸಾಲಿನ ಕೆಳಗೆ ಅದೇ ಸಾಲು: ‘ಈ ದಾರಿ ಮುಚ್ಚಿದೆ. ತೊಂದರೆಯಾದವರು ದಯವಿಟ್ಟು ತಿಳಿಸಿ.’ ಅತ್ತೆ ಒತ್ತಿದಾಗಲೆಲ್ಲ ಡಬ್ಬಿ ಬಲು ವಿನಯದಿಂದ, ಸದ್ದೇ ಇಲ್ಲದೆ, ತನ್ನಷ್ಟಕ್ಕೆ ತಾನು ಇದನ್ನು ಹೇಳಿಕೊಂಡಿತ್ತು.

ಗಂಟೆಯನ್ನು ಮುಂಬಾಗಿಲಿಗೆ ತಿರುಗಿಸುವುದು ಹೆಚ್ಚಿನ ಕೆಲಸವೇನಲ್ಲ. ಡಬ್ಬಿ ಒಮ್ಮೆ ಕಿರುಚಿ ತನ್ನ ಗಂಟಲು ಸರಿಯಾಗಿದೆಯೆಂದು ತೋರಿಸುವ ಹೊತ್ತಿಗೆ ಮ್ಯಾನೇಜರ್ ಮತ್ತೆ ಪರದೆಗೆ ಬಂದರು.

“ಎಲ್ಲಿಗೆ ಬಂತು ಗೋಡೆ? ಕೊನೇ ಸಲ ಕೇಳ್ತಿದೀನಿ, ಎಲ್ಲಾದ್ರೂ ಯಾರಾದ್ರೂ ಒಬ್ಬರು ಇದ್ರೂ ಸಾಕು, ಇನ್ನೊಂದಷ್ಟು ದಿನ ಕಾಯೋಣ.”

ಕಾವಲಿಗಿದ್ದವಳೇ ಹಿತ್ತಿಲಿಂದ ಓಡಾಡುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು? ಅದೂ ಈಗ, ಎಲ್ಲ ಸರಿಹೋದ ಮೇಲೆ?

“ಇಲ್ಲ ಸರ್,” ಎಂದಳು. “ಯಾರೂ ಕೂಗಲಿಲ್ಲ.”

ಬೆರಳು ಕೀಲಿಮಣೆಯ ಮೇಲೆ ಊರಿದಳು. ಗೋಡೆ ಎದ್ದಿತು. ಮ್ಯಾನೇಜರ್ ಭೇಷ್ ಎಂದು ಮರೆಯಾದರು.

ಉಸ್ಸೆಂದು ತಿರುಗಿದರೆ ಬಾಗಿಲಲ್ಲಿ ಅತ್ತೆ. ಒಂದು ಕೈ ಗೋಡೆಯ ಮೇಲೆ, ಇನ್ನೊಂದರ ಮುಷ್ಟಿಯಲ್ಲಿ ಗುಂಡಿ.

“ಯಾಕೆ ಎದ್ದು ಬಂದ್ರಿ ಅತ್ತೆ! ಗಂಟೆ ಸರಿಹೋಯ್ತು. ನೋಡಿ ಬೇಕಾದ್ರೆ, ಒಂದ್ಸಲ ಒತ್ತಿ.”

ಅತ್ತೆ ನಿಧಾನವಾಗಿ ಬಂದು, ಎರವಲು ತಂದದ್ದನ್ನು ಹಿಂದಿರುಗಿಸುವವರ ಹಾಗೆ, ಗುಂಡಿಯನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟರು.

“ಬೇಡ ಬಿಡಮ್ಮ. ಯಾರೂ ಕೂಗಲಿಲ್ಲ ಅಂತ ಅಷ್ಟು ದೊಡ್ಡೋರಿಗೆ ಮಾತು ಕೊಟ್ಟಿದ್ದೀಯ. ನಾನು ಕೂಗಿ ಅದನ್ನ ಯಾಕೆ ಸುಳ್ಳು ಮಾಡಲಿ?”